ಜೀನಗಾರನಾಗಿದ್ದ ರಾಷ್ಟ್ರಾಧ್ಯಕ್ಷ: ಫ್ರೆಡ್ರಿಕ್ ಎಬರ್ಟ್‌ನ ಜೀವಿತ

ರಾಜ್ಯಗಳು ಹುಟ್ಟುವಾಗ ದೊಡ್ಡ ಭಾಷಣಗಳನ್ನು ಮಾಡಿದವರ ಹೆಸರು ಲೋಕದಲ್ಲಿ ನಿಲ್ಲುವುದುಂಟು. ಹುಟ್ಟಿದ ರಾಜ್ಯವು ಹಸಿವಿನಿಂದಲೂ ಒಳಜಗಳದಿಂದಲೂ ಮೊದಲನೆಯ ವರ್ಷದಲ್ಲಿಯೇ ಸಾಯದಂತೆ ಕಾಪಾಡಿದವರ ಹೆಸರು ಅಷ್ಟಾಗಿ ನಿಲ್ಲುವುದಿಲ್ಲ. ಜರ್ಮನಿಯ ಮೊದಲನೆಯ ಪ್ರಜಾಧಿಪತ್ಯಕ್ಕೆ ಮೊದಲನೆಯ ಅಧ್ಯಕ್ಷನಾಗಿದ್ದ ಫ್ರೆಡ್ರಿಕ್ ಎಬರ್ಟ್‌ನು ಈ ಎರಡನೆಯ ವರ್ಗಕ್ಕೆ ಸೇರಿದವನು. ಕುದುರೆಗೆ ಜೀನು ಹೊಲಿಯುವ ಕಸುಬನ್ನು ಕಲಿತು, ಊರಿನ ಕೂಲಿಕಾರರ ಮುಖಂಡನಾಗಿ, ನಗರದ ಸಭೆಯಲ್ಲಿ ಸದಸ್ಯನಾಗಿ, ಕಡೆಗೆ ಕೈಸರನು ಬಿಟ್ಟುಹೋದ ರಾಜ್ಯದ ಹೊಣೆಯನ್ನೇ ಹೊತ್ತ ಈತನ ಚರಿತ್ರೆಯಲ್ಲಿ ಒಳ್ಳೆಯದೂ ಇದೆ, ಘೋರವಾದ ತಪ್ಪೂ ಇದೆ. ಎರಡನ್ನೂ ಮುಚ್ಚಿಡದೆ ಹೇಳುವುದು ನಮ್ಮ ಉದ್ದೇಶ. ಸರಕಾರದ ಕಾಗದಪತ್ರಗಳಿಗೆ ರುಜು ಹಾಕುವ ಅಧಿಕಾರಿಗಳೂ, ನ್ಯಾಯಪೀಠದಲ್ಲಿರುವವರೂ, ಪತ್ರಿಕೆಗಳನ್ನು ನಡೆಸುವ ನಾವೂ ಈ ಚರಿತ್ರೆಯನ್ನು ಓದಬೇಕಾದ ಕಾರಣವುಂಟು.

ಎಬರ್ಟ್‌ನು ಹುಟ್ಟಿದ್ದು 1871ನೆಯ ಇಸವಿ ಫೆಬ್ರವರಿ 4ನೆಯ ತಾರೀಖು, ನೆಕ್ಕಾರ್ ನದಿಯ ದಡದಲ್ಲಿರುವ ಹೈಡೆಲ್‌ಬರ್ಗ್ ಪಟ್ಟಣದಲ್ಲಿ. ಅದಕ್ಕೆ ಹದಿನೇಳು ದಿನ ಮುಂಚೆ, ಸೋತ ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಜರ್ಮನ್ ಚಕ್ರಾಧಿಪತ್ಯದ ಘೋಷಣೆಯಾಗಿತ್ತು. ಆ ಚಕ್ರಾಧಿಪತ್ಯವೂ ಈ ಬಾಲಕನೂ ಹೀಗೆ ಒಂದೇ ಚಳಿಗಾಲದಲ್ಲಿ ಹುಟ್ಟಿದರು. ಹೈಡೆಲ್‌ಬರ್ಗ್ ಊರು ಚಿಕ್ಕದಾದರೂ 1386ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯದಿಂದ ಖ್ಯಾತಿ ಪಡೆದದ್ದು. ಆದರೆ ಇಕ್ಕಟ್ಟಾದ ಓಣಿಯೊಂದರ ಪುಟ್ಟ ಮನೆಯಲ್ಲಿ ದರ್ಜಿಯ ಕೆಲಸ ಮಾಡುತ್ತಿದ್ದ ಕಾರ್ಲ್ ಎಬರ್ಟ್‌ನ ಮಕ್ಕಳಿಗೆ ಆ ವಿಶ್ವವಿದ್ಯಾಲಯವು ಕಣ್ಣಿಗೆ ಕಾಣುತ್ತಿತ್ತೇ ಹೊರತು ಕೈಗೆ ಎಟುಕುವಂತಿರಲಿಲ್ಲ. ಒಂಬತ್ತು ಮಕ್ಕಳಲ್ಲಿ ಏಳನೆಯವನಾದ ಫ್ರೆಡ್ರಿಕ್‌ನಿಗೆ ದೊರೆತದ್ದು ಊರಿನ ಪಾಠಶಾಲೆಯ ವಿದ್ಯೆ ಮಾತ್ರ. ಹದಿನಾಲ್ಕನೆಯ ವಯಸ್ಸಿಗೆ ಓದು ಮುಗಿಯಿತು, ಕಸುಬು ಆರಂಭವಾಯಿತು.

1885ರಿಂದ 1888ರವರೆಗೆ ಆತನು ಜೀನುಗಳನ್ನು ಹೊಲಿಯುವ ಕಸುಬಿನಲ್ಲಿ ಶಿಷ್ಯವೃತ್ತಿ ಮಾಡಿದನು. ನಮ್ಮ ನಾಡಿನಲ್ಲಿ ಜೀನಗಾರರೆಂಬ ಹೆಸರೇ ಒಂದು ಕುಲಕ್ಕೆ ಅಂಟಿಕೊಂಡಿದೆ. ಅಲ್ಲಿ ಕಸುಬು ಕುಲದಿಂದ ಬರುತ್ತಿರಲಿಲ್ಲ, ಯಜಮಾನನ ಕೈಕೆಳಗೆ ಕಲಿತು ಬರಬೇಕಾಗಿತ್ತು. ಜೀನು ಹೊಲಿಯುವುದು ಸುಲಭದ ಕೆಲಸವಲ್ಲ. ಮೇಣ ಹಚ್ಚಿದ ಒಂದೇ ನಾರಿನ ದಾರದ ಎರಡು ತುದಿಗೂ ಸೂಜಿಗಳನ್ನು ಕಟ್ಟಿ, ಉಳಿಯಿಂದ ಕೊರೆದ ಒಂದೊಂದು ರಂಧ್ರದಲ್ಲಿಯೂ ಈ ಕಡೆಯಿಂದ ಒಂದನ್ನು ಆ ಕಡೆಯಿಂದ ಇನ್ನೊಂದನ್ನು ದಾಟಿಸಿ ಬಿಗಿಯಬೇಕು. ಒಂದು ಎಳೆ ಸವೆದು ಹರಿದರೂ ಇನ್ನೊಂದು ಎಳೆ ಹೊಲಿಗೆಯನ್ನು ಹಿಡಿದು ನಿಲ್ಲಿಸುತ್ತದೆ. ಅವಸರ ಮಾಡಿದವನ ಜೀನು ಸವಾರನನ್ನು ಕೆಡಹುತ್ತದೆ. ತಾಳ್ಮೆಯೂ ಲೆಕ್ಕಾಚಾರವೂ ಬೇಡುವ ಈ ಕೆಲಸವು ಎಬರ್ಟ್‌ನ ಸ್ವಭಾವಕ್ಕೆ ಒಪ್ಪುವಂಥದಾಗಿತ್ತು.

ಕಸುಬು ಕಲಿತ ಯುವಕರು ಊರೂರು ತಿರುಗಿ ಬೇರೆಬೇರೆ ಯಜಮಾನರಲ್ಲಿ ದುಡಿಯುವುದು ಜರ್ಮನ್ ದೇಶದ ಪದ್ಧತಿ. ಎಬರ್ಟ್‌ನೂ 1888ರಿಂದ ಮೂರು ವರ್ಷ ಹಾಗೆಯೇ ಅಲೆದನು. ಮಾನ್‌ಹೈಮ್ ನಗರದಲ್ಲಿದ್ದಾಗ, 1889ರಲ್ಲಿ, ಸಮಾಜವಾದಿ ಪಕ್ಷಕ್ಕೂ ಕಸುಬಿನವರ ಸಂಘಕ್ಕೂ ಸೇರಿದನು. ಆಗ ಬಿಸ್ಮಾರ್ಕನು 1878ರಲ್ಲಿ ಮಾಡಿದ್ದ ಸಮಾಜವಾದಿ ವಿರೋಧದ ಕಾನೂನು ಇನ್ನೂ ಜಾರಿಯಲ್ಲಿದ್ದಿತು. ಪಕ್ಷದ ಸಭೆಗಳು ನಿಷಿದ್ಧ, ಪತ್ರಿಕೆಗಳು ನಿಷಿದ್ಧ. ಎಬರ್ಟ್‌ನು ಹೋದ ಊರಿನಲ್ಲೆಲ್ಲ ಜೀನಗಾರರನ್ನು ಕೂಡಿಸಿ ಸಂಘ ಕಟ್ಟುತ್ತಿದ್ದನು. ಪೋಲೀಸರು ಅವನ ಹೆಸರನ್ನು ಬರೆದಿಟ್ಟುಕೊಂಡರು. ಯಜಮಾನರು ಕೆಲಸ ಕೊಡಲು ಹಿಂಜರಿದರು. ಕಾಸೆಲ್, ಬ್ರೌನ್‌ಶ್ವೈಗ್, ಎಲ್ಬರ್‌ಫೆಲ್ಡ್ ಮೊದಲಾದ ಊರುಗಳನ್ನು ಹೀಗೆ ದಾಟಿ 1891ರಲ್ಲಿ ಬ್ರೆಮೆನ್ ಎಂಬ ರೇವುಪಟ್ಟಣವನ್ನು ಮುಟ್ಟಿದನು. ಅಲ್ಲಿಗೆ ಅಲೆದಾಟವು ನಿಂತಿತು.

ಬ್ರೆಮೆನ್ ಚಕ್ರಾಧಿಪತ್ಯಕ್ಕೆ ಸೇರಿದ್ದರೂ ತನ್ನದೇ ಸಭೆ, ತನ್ನದೇ ಕಾನೂನುಗಳುಳ್ಳ ನಗರರಾಜ್ಯವಾಗಿತ್ತು. ಅಲ್ಲಿ ಎಬರ್ಟ್‌ನು ದೊರೆತ ಕೆಲಸಗಳನ್ನೆಲ್ಲ ಮಾಡಿದನು. 1893ರಲ್ಲಿ ಊರಿನ ಸಮಾಜವಾದಿ ಪತ್ರಿಕೆಯ ಸಂಪಾದಕವರ್ಗಕ್ಕೆ ಸೇರಿ ಸ್ಥಳೀಯ ವರ್ತಮಾನಗಳನ್ನು ಬರೆದನು. 1894ರಲ್ಲಿ ಲೂಯೀಸ್ ರುಂಪ್ ಎಂಬ ಕೂಲಿಕಾರನ ಮಗಳನ್ನು ವಿವಾಹವಾದನು. ಆಕೆಯೂ ದುಡಿದು ಬದುಕಿದವಳು, ಸಂಘದ ಕೆಲಸ ಬಲ್ಲವಳು. ಅದೇ ವರ್ಷ ಒಂದು ಪಾನಗೃಹವನ್ನು ವಹಿಸಿಕೊಂಡನು. ಅದು ಹೆಸರಿಗೆ ಪಾನಗೃಹವಾದರೂ ಊರಿನ ಕೂಲಿಕಾರರಿಗೆ ಕಚೇರಿಯೂ ಆಗಿತ್ತು. ಗಾಯಗೊಂಡವನಿಗೆ ವಿಮೆಯ ಹಣ ಹೇಗೆ ಬರಬೇಕು, ಮನೆ ಬಾಡಿಗೆಯ ವ್ಯಾಜ್ಯದಲ್ಲಿ ಏನು ಮಾಡಬೇಕು, ಯಜಮಾನನು ಹಿಡಿದ ಕೂಲಿಯನ್ನು ಹೇಗೆ ಕೇಳಬೇಕು ಎಂಬುದನ್ನೆಲ್ಲ ಜನರು ಅವನ ಬಳಿಗೆ ಬಂದು ವಿಚಾರಿಸುತ್ತಿದ್ದರು. ಕಾನೂನಿನ ಪುಸ್ತಕಗಳನ್ನು ಆತನು ತಾನೇ ಓದಿ ತಿಳಿದುಕೊಂಡು ಅವರಿಗೆ ದಾರಿ ತೋರಿಸುತ್ತಿದ್ದನು.

ಈ ಕೆಲಸವೇ ಮುಂದೆ ಪದವಿಯಾಯಿತು. 1900ರಲ್ಲಿ ಕಾರ್ಮಿಕ ಸಂಘಗಳು ಆತನನ್ನು ಸಂಬಳದ ಕಾರ್ಯದರ್ಶಿಯಾಗಿ ನೇಮಿಸಿಕೊಂಡವು. ಆ ಹೊತ್ತಿಗೆ ಬ್ರೆಮೆನ್ನಿನ ಶಾಸನಸಭೆಗೂ ಆತನು ಪ್ರವೇಶಿಸಿ ತನ್ನ ಪಕ್ಷದವರಿಗೆ ನಾಯಕನಾದನು. ಆ ಸಭೆಗೆ ಜನರು ಸಮಾನರಾಗಿ ಮತ ಕೊಡುತ್ತಿರಲಿಲ್ಲ; ಮತದಾರರನ್ನು ವಿದ್ಯೆ, ವ್ಯಾಪಾರ, ಆಸ್ತಿಗಳ ಮೇಲೆ ಎಂಟು ವರ್ಗಗಳಾಗಿ ಒಡೆದಿದ್ದುದರಿಂದ ಕೂಲಿಕಾರರ ಪ್ರತಿನಿಧಿಗಳು ಎಂದೂ ಬಹುಮತಕ್ಕೆ ಬರುವಂತಿರಲಿಲ್ಲ. ಸೋಲುವ ಗೊತ್ತುವಳಿಗಳನ್ನು ಸಭ್ಯತೆಗೆಡದೆ ತರುವುದನ್ನೂ, ಎದುರುಪಕ್ಷದ ವರ್ತಕರೊಡನೆ ಕುಳಿತು ಸಾಧ್ಯವಾದಷ್ಟನ್ನು ಗಿಟ್ಟಿಸುವುದನ್ನೂ ಎಬರ್ಟ್‌ನು ಅಲ್ಲಿ ಕಲಿತನು. ಬ್ರೆಮೆನ್ನಿನ ಕೂಲಿಕಾರರ ಮನೆ, ಕೂಲಿ, ಊಟಗಳ ವಿಚಾರವಾಗಿ ಅಂಕಿಅಂಶಗಳನ್ನು ಕೂಡಿಸಿ ಪ್ರಕಟಿಸಿದನು. ಗದ್ದಲಕ್ಕಿಂತ ಲೆಕ್ಕದ ಪಟ್ಟಿಯು ಹೆಚ್ಚು ಮಾತನಾಡುತ್ತದೆಂಬುದು ಅವನ ನಂಬಿಕೆ. ಈ ಗುಣವೇ ಅವನ ಬಲ. ಈ ಗುಣವೇ ಮುಂದೆ ಅವನ ಮಿತಿಯೂ ಆಯಿತು.

1905ರಲ್ಲಿ ಪಕ್ಷವು ಆತನನ್ನು ಬರ್ಲಿನ್ನಿಗೆ ಕರೆಸಿ ಕೇಂದ್ರ ಸಮಿತಿಯ ಕಾರ್ಯದರ್ಶಿಯನ್ನಾಗಿ ಮಾಡಿತು. ಟೆಲಿಫೋನು, ಟೈಪ್‌ರೈಟರು, ಕ್ರಮವಾದ ದಫ್ತರ ಇವುಗಳನ್ನು ಪಕ್ಷದ ಕಚೇರಿಗೆ ತಂದವನು ಈತನೇ ಎಂದು ಚರಿತ್ರಕಾರರು ಬರೆಯುತ್ತಾರೆ. 1912ರ ಚುನಾವಣೆಯಲ್ಲಿ ಸಮಾಜವಾದಿಗಳು 397 ಸ್ಥಾನಗಳಲ್ಲಿ 110ನ್ನು ಗೆದ್ದು ಜರ್ಮನ್ ಪಾರ್ಲಿಮೆಂಟಿನ ಅತಿ ದೊಡ್ಡ ಪಕ್ಷವಾದರು. ಎಬರ್ಟ್‌ನೂ ಎಲ್ಬರ್‌ಫೆಲ್ಡ್-ಬಾರ್ಮೆನ್ ಕ್ಷೇತ್ರದಿಂದ ಆರಿಸಿಬಂದನು. ಮುಂದಿನ ವರ್ಷ ಹಿರಿಯ ನಾಯಕ ಆಗಸ್ಟ್ ಬೆಬೆಲ್‌ನು ತೀರಿಕೊಳ್ಳಲು, ಹ್ಯೂಗೋ ಹಾಸೆಯೊಡನೆ ಎಬರ್ಟ್‌ನು ಪಕ್ಷದ ಅಧ್ಯಕ್ಷಸ್ಥಾನಕ್ಕೆ ಬಂದನು.

1914ರ ಜುಲೈ ಕೊನೆಯಲ್ಲಿ ಯುದ್ಧವು ಸಮೀಪಿಸಿದಾಗ, ಪಕ್ಷವನ್ನು ಸರಕಾರವು ನಿಷೇಧಿಸಬಹುದೆಂಬ ಭಯದಿಂದ ಎಬರ್ಟ್‌ನನ್ನು ಪಕ್ಷದ ಹಣದೊಡನೆ ಸ್ವಿಟ್ಜರ್ಲೆಂಡಿಗೆ ಕಳುಹಿಸಲಾಯಿತು. ಆತನು ಹಿಂದಿರುಗುವಷ್ಟರಲ್ಲಿ, ಆಗಸ್ಟ್ 4ರಂದು, ಅದೇ ಪಕ್ಷವು ಯುದ್ಧದ ಸಾಲಕ್ಕೆ ಒಪ್ಪಿಗೆ ಕೊಟ್ಟಿತ್ತು. ಎಬರ್ಟ್‌ನು ಆ ನಿಲುವನ್ನೇ ಹಿಡಿದನು. ಯುದ್ಧವನ್ನು ವಿರೋಧಿಸಿದವರು 1917ರಲ್ಲಿ ಬೇರೆ ಪಕ್ಷವನ್ನು ಕಟ್ಟಿದರು. ಕಾರ್ಮಿಕ ಚಳವಳಿಯು ಇಬ್ಭಾಗವಾಯಿತು. ಅದೇ ವರ್ಷ ಫೆಬ್ರವರಿಯಲ್ಲಿ ಮಗ ಹೈನ್ರಿಖ್‌ನು ಮ್ಯಾಸಿಡೋನಿಯಾದಲ್ಲಿ ಗಾಯಗಳಿಂದ ಸತ್ತನು. ಮೇ ತಿಂಗಳಲ್ಲಿ ಮಗ ಗೆಯಾರ್ಗ್‌ನು ಫ್ರಾನ್ಸಿನಲ್ಲಿ ಮಡಿದನು. ನಾಲ್ಕು ತಿಂಗಳೊಳಗೆ ಇಬ್ಬರು ಮಕ್ಕಳನ್ನು ದೇಶಕ್ಕೆ ಕೊಟ್ಟ ಈ ತಂದೆಯನ್ನೇ ಮುಂದೆ ದೇಶದ್ರೋಹಿಯೆಂದು ಕರೆದರೆಂಬುದನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಆ ಆಪಾದನೆಯ ಮೂಲವು 1918ರ ಜನವರಿಯದು. ಹಸಿವಿನಿಂದ ಬೆಂದಿದ್ದ ಬರ್ಲಿನ್ನಿನ ಮದ್ದುಗುಂಡಿನ ಕಾರ್ಖಾನೆಗಳ ಕೂಲಿಕಾರರು ಶಾಂತಿಯನ್ನೂ ಅನ್ನವನ್ನೂ ಕೇಳುತ್ತ ದೊಡ್ಡ ಮುಷ್ಕರ ಹೂಡಿದರು. ಎಬರ್ಟ್‌ನು ಮುಷ್ಕರದ ಸಮಿತಿಯಲ್ಲಿ ಸೇರಿಕೊಂಡನು. ಅದನ್ನು ಹತೋಟಿಯಲ್ಲಿಟ್ಟು ಬೇಗನೆ ಮುಗಿಸುವುದು ತನ್ನ ಉದ್ದೇಶವಾಗಿತ್ತೆಂದು ಆತನು ಹೇಳಿಕೊಂಡನು. ಎಡಪಕ್ಷದವರು ಅವನನ್ನು ಮುಷ್ಕರ ಮುರಿದವನೆಂದರು. ಬಲಪಕ್ಷದವರು ಯುದ್ಧಕಾಲದಲ್ಲಿ ಸೈನ್ಯದ ಬೆನ್ನಿಗೆ ಇರಿದವನೆಂದರು. ಮಧ್ಯದ ದಾರಿಯನ್ನು ಹಿಡಿದವನಿಗೆ ಎರಡು ದಡಗಳಿಂದಲೂ ಕಲ್ಲುಗಳು ಬೀಳುವುದು ಅಂದಿನಿಂದ ಆರಂಭವಾಯಿತು.

ಅದೇ ವರ್ಷದ ನವೆಂಬರಿನಲ್ಲಿ ಚಕ್ರಾಧಿಪತ್ಯವು ಕುಸಿಯಿತು. ಕೀಲ್ ರೇವಿನಲ್ಲಿ ನಾವಿಕರು ತಿರುಗಿಬಿದ್ದರು. ದಂಗೆಯು ಊರಿಂದೂರಿಗೆ ಹಬ್ಬಿತು. 9ನೆಯ ತಾರೀಖು ಚಾನ್ಸೆಲರನಾಗಿದ್ದ ರಾಜಕುಮಾರ ಮ್ಯಾಕ್ಸ್‌ನು ಕೈಸರನ ಪದತ್ಯಾಗವನ್ನು ಪ್ರಕಟಿಸಿ, ತನ್ನ ಅಧಿಕಾರವನ್ನು ಎಬರ್ಟ್‌ನ ಕೈಗೆ ಒಪ್ಪಿಸಿದನು. ಮಧ್ಯಾಹ್ನ ಫಿಲಿಪ್ ಶೈಡೆಮನ್‌ನು ಪಾರ್ಲಿಮೆಂಟಿನ ಕಟ್ಟಡದಿಂದ ಜನಜಂಗುಳಿಗೆ ಪ್ರಜಾಧಿಪತ್ಯವನ್ನು ಘೋಷಿಸಿದಾಗ ಎಬರ್ಟ್‌ನು ಸಂತೋಷಪಡಲಿಲ್ಲ, ಕೋಪಗೊಂಡನು. ರಾಜ್ಯದ ಸ್ವರೂಪವನ್ನು ಗೊತ್ತುಮಾಡುವುದು ಜನರಿಂದ ಆರಿಸಲ್ಪಟ್ಟ ಸಂವಿಧಾನಸಭೆಯ ಕೆಲಸ, ಒಬ್ಬ ಭಾಷಣಕಾರನದಲ್ಲ ಎಂಬುದು ಅವನ ವಾದ. ಕ್ರಾಂತಿಯು ಮನೆಯ ಬಾಗಿಲಿಗೆ ಬಂದು ನಿಂತಾಗಲೂ ವಿಧಿಬದ್ಧತೆಯನ್ನು ಕೇಳಿದ ಮನುಷ್ಯ ಇವನು.

ಆ ದಿನವೇ ಆತನು ದೇಶದ ಸರಕಾರಿ ನೌಕರರಿಗೆಲ್ಲ ಒಂದು ಪ್ರಕಟನೆಯನ್ನು ಹೊರಡಿಸಿದನು. ಹೊಸಬರ ಕೈಕೆಳಗೆ ಕೆಲಸ ಮಾಡುವುದು ಅನೇಕರಿಗೆ ಕಷ್ಟವಾದೀತೆಂಬುದನ್ನು ಬಲ್ಲೆನೆಂದೂ, ಆದರೂ ಎಲ್ಲರೂ ತಮ್ಮ ಸ್ಥಾನಗಳಲ್ಲಿದ್ದು ಕೆಲಸ ನಡೆಯಿಸಬೇಕೆಂದೂ, ಆಡಳಿತ ನಿಂತರೆ ದೇಶವು ಹಸಿವಿನಿಂದ ನಾಶವಾಗುವುದೆಂದೂ ಬೇಡಿಕೊಂಡನು. ಮಾತು ನಿಜವಾಗಿತ್ತು. ಶತ್ರುಗಳ ದಿಗ್ಬಂಧನದಿಂದ ಆಹಾರವಿರಲಿಲ್ಲ. ಲಕ್ಷಾಂತರ ಸೈನಿಕರು ರಣರಂಗದಿಂದ ಮನೆಗಳಿಗೆ ಹಿಂದಿರುಗಬೇಕಾಗಿತ್ತು. ಅಧಿಕಾರಿಗಳು ಉಳಿದರು, ರೈಲುಗಳು ಓಡಿದವು, ರೊಟ್ಟಿಯ ಚೀಟಿಗಳು ಹಂಚಲ್ಪಟ್ಟವು. ನವೆಂಬರ್ 12ರಂದು ಹೊಸ ಸರಕಾರವು ಇಪ್ಪತ್ತು ವರ್ಷ ತುಂಬಿದ ಪುರುಷರಿಗೂ ಸ್ತ್ರೀಯರಿಗೂ ಸಮಾನ ಮತಾಧಿಕಾರವನ್ನು ಸಾರಿತು. ಎಂಟು ಗಂಟೆಯ ದುಡಿಮೆಯ ದಿನವನ್ನೂ ವಾಗ್ದಾನಮಾಡಿತು. ಎಂಟು ವರ್ಗಗಳ ಸಭೆಯಲ್ಲಿ ಐದು ವರ್ಷ ಕುಳಿತು ಸೋತಿದ್ದವನಿಗೆ ಇದಕ್ಕಿಂತ ದೊಡ್ಡ ಗೆಲುವಿಲ್ಲ.

ಆದರೆ ಈ ಗೆಲುವಿನ ಜೊತೆಯಲ್ಲಿಯೇ ಅವನ ಜೀವಿತದ ದೊಡ್ಡ ವಿವಾದವೂ ಹುಟ್ಟಿತು. ಬೆಲ್ಜಿಯಮಿನ ಸ್ಪಾ ಎಂಬಲ್ಲಿದ್ದ ಸೇನಾ ಮುಖ್ಯಸ್ಥಾನದಿಂದ ಸೇನಾನಿ ಗ್ರೋನರನು ಟೆಲಿಫೋನಿನಲ್ಲಿ ಎಬರ್ಟ್‌ನೊಡನೆ ಮಾತನಾಡಿದನು. ಸೈನ್ಯವು ಹೊಸ ಸರಕಾರಕ್ಕೆ ಬೆಂಬಲವಾಗಿ ನಿಲ್ಲುವುದು, ಸರಕಾರವು ಅಧಿಕಾರಿವರ್ಗದ ಅಧಿಕಾರಕ್ಕೆ ಕೈಹಾಕದೆ, ಬೊಲ್ಷೆವಿಕರನ್ನು ತಡೆಯುವುದು, ಇದು ಒಪ್ಪಂದ. ಕಾಗದವಿಲ್ಲ, ಸಾಕ್ಷಿಯಿಲ್ಲ. ಸೈನ್ಯವನ್ನು ಕ್ರಮವಾಗಿ ಮನೆಗೆ ತರಲು ಆ ಅಧಿಕಾರಿಗಳಲ್ಲದೆ ಬೇರೆ ಗತಿ ಇರಲಿಲ್ಲವೆಂಬುದು ಎಬರ್ಟ್‌ನ ಪಕ್ಷದ ವಾದ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಗಂಡಾಂತರ ಕಳೆದ ಮೇಲೂ ಆ ಸೈನ್ಯವನ್ನು ಪ್ರಜಾಧಿಪತ್ಯಕ್ಕೆ ನಿಷ್ಠವಾಗುವಂತೆ ತಿದ್ದುವ ಕೆಲಸವು ನಡೆಯಲಿಲ್ಲ. ಡಿಸೆಂಬರ್ 10ರಂದು ಬರ್ಲಿನ್ನಿಗೆ ಹಿಂದಿರುಗಿದ ದಂಡನ್ನು ಸ್ವಾಗತಿಸುತ್ತ, ಯಾವ ಶತ್ರುವೂ ಅವರನ್ನು ಗೆಲ್ಲಲಿಲ್ಲವೆಂದು ಎಬರ್ಟ್‌ನೇ ಹೊಗಳಿದನು. ದಣಿದ ಸೈನಿಕರ ಸಮಾಧಾನಕ್ಕಾಗಿ ಆಡಿದ ಆ ಮಾತು, ಸೈನ್ಯವು ಸೋಲಲಿಲ್ಲ, ಒಳಗಿನವರು ಇರಿದರು ಎಂಬ ಸುಳ್ಳುಕಥೆಗೆ ಆಧಾರವಾಗಿ, ಕಡೆಗೆ ಅವನ ಕೊರಳಿಗೇ ಸುತ್ತಿಕೊಂಡಿತು.

1919ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಎಡಪಕ್ಷದವರು ದಂಗೆಯೆದ್ದರು. ಚುನಾವಣೆಗೆ ಎರಡು ವಾರ ಮಾತ್ರ ಉಳಿದಿತ್ತು. ದಂಗೆಯನ್ನು ಅಡಗಿಸುವುದು ಸರಕಾರದ ಕರ್ತವ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದನ್ನು ಯಾರ ಕೈಯಿಂದ ಮಾಡಿಸಿದರೆಂಬುದು ಪ್ರಶ್ನೆ. ಎಬರ್ಟ್‌ನ ಸಹೋದ್ಯೋಗಿ ಗುಸ್ಟಾವ್ ನೋಸ್ಕೆಯು ಹಳೆಯ ಅಧಿಕಾರಿಗಳು ಕಟ್ಟಿದ ಸ್ವಯಂಸೇನೆಗಳನ್ನು ನಗರದೊಳಕ್ಕೆ ತಂದನು. ಪ್ರಜಾಧಿಪತ್ಯವನ್ನು ಮನಸಾರ ದ್ವೇಷಿಸುತ್ತಿದ್ದವರು ಅವರು. ಜನವರಿ 15ರಂದು ಸೆರೆಸಿಕ್ಕ ರೋಜಾ ಲಕ್ಸೆಂಬರ್ಗ್ ಮತ್ತು ಕಾರ್ಲ್ ಲೀಬ್‌ಕ್ನೆಕ್ಟ್ ಇವರನ್ನು ವಿಚಾರಣೆಯಿಲ್ಲದೆ ಕೊಂದರು. ಕೊಂದವರಿಗೆ ಸೈನಿಕ ನ್ಯಾಯಸ್ಥಾನವು ಹಗುರವಾದ ಶಿಕ್ಷೆಗಳನ್ನು ವಿಧಿಸಿತು. ಮಾರ್ಚ್ ತಿಂಗಳ ಬೀದಿಕಾಳಗದಲ್ಲಿ ಸಾವಿರಕ್ಕೂ ಹೆಚ್ಚು ಜನರು ಸತ್ತರು. ಎಬರ್ಟ್‌ನು ಈ ಕೊಲೆಗಳಿಗೆ ಅಪ್ಪಣೆ ಕೊಟ್ಟವನಲ್ಲ. ಆದರೆ ಕೊಂದ ಕೈಗಳಿಗೆ ಆಯುಧವಿತ್ತ ಸರಕಾರಕ್ಕೆ ಆತನು ಮುಖ್ಯನಾಗಿದ್ದನು. ಈ ರಕ್ತವು ಕಾರ್ಮಿಕರ ಎರಡು ಪಕ್ಷಗಳ ನಡುವೆ ಆರದ ಹೊಳೆಯಾಗಿ ಹರಿಯಿತು. ಹಿಟ್ಲರನು ಬಂದಾಗಲೂ ಅವರು ಅದನ್ನು ದಾಟಿ ಒಂದಾಗಲಿಲ್ಲ.

ಜನವರಿ 19ರ ಚುನಾವಣೆಯಲ್ಲಿ ಜರ್ಮನ್ ಸ್ತ್ರೀಯರು ಮೊದಲ ಬಾರಿಗೆ ದೇಶದ ಪ್ರತಿನಿಧಿಗಳಿಗೆ ಮತವಿತ್ತರು. ಬರ್ಲಿನ್ನಿನಲ್ಲಿ ಶಾಂತಿಯಿಲ್ಲದ್ದರಿಂದ ಸಂವಿಧಾನಸಭೆಯು ಫೆಬ್ರವರಿ 6ರಂದು ವೈಮಾರ್ ಪಟ್ಟಣದ ನಾಟಕಶಾಲೆಯಲ್ಲಿ ಸೇರಿತು. ಗಯಟೆ ಮಹಾಕವಿಯು ಬಾಳಿದ ಊರು ಅದು. 11ನೆಯ ತಾರೀಖು 379 ಮತಗಳಲ್ಲಿ 277 ಮತಗಳಿಂದ ಎಬರ್ಟ್‌ನು ಅಧ್ಯಕ್ಷನಾದನು. ಜೂನ್ ತಿಂಗಳಲ್ಲಿ ವರ್ಸೇಲ್ಸ್ ಸಂಧಿಯನ್ನು ಒಪ್ಪಬೇಕಾಗಿ ಬಂದಿತು. ಒಪ್ಪದಿದ್ದರೆ ಯುದ್ಧ ಮಾಡಲು ಶಕ್ತಿಯುಂಟೇ ಎಂದು ಎಬರ್ಟ್‌ನು ಸೇನಾ ಮುಖ್ಯಸ್ಥಾನವನ್ನು ಕೇಳಿದಾಗ ಇಲ್ಲವೆಂಬ ಉತ್ತರವೇ ಬಂದಿತು. ರುಜು ಹಾಕಿದ ಅಪಕೀರ್ತಿ ಮಾತ್ರ ಸೇನಾನಿಗಳಿಗೆ ಬರಲಿಲ್ಲ, ಪ್ರಜಾಪ್ರತಿನಿಧಿಗಳಿಗೆ ಬಂದಿತು. ಆಗಸ್ಟ್ 11ರಂದು ಎಬರ್ಟ್‌ನು ಹೊಸ ಸಂವಿಧಾನಕ್ಕೆ ಅಂಕಿತ ಹಾಕಿದನು.

ಆಗಸ್ಟ್ 21ರಂದು ಆತನು ಪ್ರಮಾಣವಚನವನ್ನು ಸ್ವೀಕರಿಸಿದನು. ಅದೇ ದಿನ ಬರ್ಲಿನ್ನಿನ ಒಂದು ಸಚಿತ್ರ ವಾರಪತ್ರಿಕೆಯು ಮುಖಪುಟದಲ್ಲಿ ಒಂದು ಛಾಯಾಚಿತ್ರವನ್ನು ಹೊತ್ತು ಅಂಗಡಿಗಳಿಗೆ ಬಂದಿತು. ಸಮುದ್ರಸ್ನಾನಕ್ಕೆ ಹೋಗಿದ್ದ ಎಬರ್ಟ್‌ನೂ ನೋಸ್ಕೆಯೂ ಸ್ನಾನದ ಚಡ್ಡಿಯುಟ್ಟು ನೀರಿನಲ್ಲಿ ನಿಂತಿದ್ದ ಚಿತ್ರ ಅದು. ಕಿರೀಟ, ಕವಚ, ಪದಕಗಳಿಲ್ಲದ ರಾಷ್ಟ್ರಮುಖ್ಯನನ್ನು ಕಂಡಿರದ ಜನರು ನಕ್ಕರು. ವಿರೋಧಿಗಳು ಅದನ್ನು ಅಂಚೆಕಾರ್ಡುಗಳಾಗಿ ಅಚ್ಚುಹಾಕಿ ಹಂಚಿದರು. ಜೀನಗಾರನೆಂಬ ಮಾತೇ ಬೈಗುಳವಾಯಿತು. ಒಬ್ಬನು ಕೈಯಿಂದ ದುಡಿದಿದ್ದನೆಂಬುದನ್ನು ಅವಮಾನಕ್ಕೆ ಕಾರಣಮಾಡುವ ನಾಡಿನಲ್ಲಿ ಪ್ರಜಾಧಿಪತ್ಯದ ಬೇರು ಎಷ್ಟು ಆಳಕ್ಕೆ ಇಳಿದೀತು? ಪತ್ರಿಕೆ ನಡೆಸುವ ನಾವು ಈ ಪ್ರಸಂಗವನ್ನು ಮರೆಯಬಾರದು. ಆ ಚಿತ್ರದಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ನಿಜವನ್ನೇ ಅಚ್ಚುಹಾಕಿ ಒಂದು ಪದವಿಯ ಗೌರವವನ್ನು ಕೆಡಿಸಬಹುದೆಂಬುದಕ್ಕೆ ಅದು ನಿದರ್ಶನ.

1920ರ ಮಾರ್ಚ್ 13ರಂದು ಬಲಪಕ್ಷದ ಸ್ವಯಂಸೇನೆಯು ಬರ್ಲಿನ್ನಿಗೆ ನುಗ್ಗಿ ಕಾಪ್ ಎಂಬವನನ್ನು ಚಾನ್ಸೆಲರನೆಂದು ಸಾರಿತು. ಎಡಪಕ್ಷದವರ ಮೇಲೆ ಗುಂಡು ಹಾರಿಸಲು ಹಿಂಜರಿಯದ ಸೈನ್ಯವು ಈ ದಂಗೆಕೋರರ ಮೇಲೆ ಕೈಯೆತ್ತಲು ಒಪ್ಪಲಿಲ್ಲ. ಎಬರ್ಟ್‌ನೂ ಮಂತ್ರಿಗಳೂ ಡ್ರೆಸ್ಡೆನ್ನಿಗೂ ಅಲ್ಲಿಂದ ಸ್ಟುಟ್‌ಗಾರ್ಟಿಗೂ ತಪ್ಪಿಸಿಕೊಂಡು ಹೋಗಬೇಕಾಯಿತು. ಆಗ ಪ್ರಜಾಧಿಪತ್ಯವನ್ನು ಉಳಿಸಿದವರು ಯಾರು? ಕಾರ್ಮಿಕರು ದೇಶಾದ್ಯಂತ ಕೆಲಸ ನಿಲ್ಲಿಸಿದರು. ಮಂತ್ರಾಲಯಗಳ ಅಧಿಕಾರಿಗಳು ಕಾಪ್‌ನ ಆಜ್ಞೆಗಳನ್ನು ಬರೆಯಲಿಲ್ಲ. ರಾಷ್ಟ್ರೀಯ ಬ್ಯಾಂಕಿನವರು ಅವನಿಗೆ ಹಣ ಕೊಡಲಿಲ್ಲ. ನಾಲ್ಕು ದಿನಗಳಲ್ಲಿ ದಂಗೆಯು ಮುಗಿಯಿತು. ಬಂದೂಕುಗಳೆಲ್ಲ ಒಂದು ಕಡೆಗಿದ್ದರೂ, ನ್ಯಾಯಬದ್ಧವಲ್ಲದ ಆಜ್ಞೆಗೆ ಗುಮಾಸ್ತರು ರುಜು ಹಾಕದಿದ್ದರೆ ಸರ್ವಾಧಿಕಾರವು ನಡೆಯಲಾರದೆಂಬುದನ್ನು ಆ ನಾಲ್ಕು ದಿನಗಳು ತೋರಿಸಿದವು. ಎರಡು ಎಳೆಗಳಲ್ಲಿ ಸೈನ್ಯದ ಎಳೆಯು ಹರಿದಾಗ ಜನರ ಎಳೆಯು ಹೊಲಿಗೆಯನ್ನು ಹಿಡಿಯಿತು. ಆದರೂ ಅದರ ಬೆನ್ನಿಗೇ ರೂರ್ ಪ್ರಾಂತದ ಕಾರ್ಮಿಕರು ಆಯುಧ ಹಿಡಿದಾಗ, ಅವರನ್ನು ಅಡಗಿಸಲು ಅದೇ ಸೈನ್ಯವನ್ನು ಕಳುಹಿಸಲಾಯಿತು. ಕಾಪ್‌ನ ಸಂಗಡಿಗರಲ್ಲಿ ಶಿಕ್ಷೆ ಹೊಂದಿದವನು ಒಬ್ಬನೇ.

1923ನೆಯ ವರ್ಷವು ಇನ್ನೂ ಕಠಿಣವಾಗಿತ್ತು. ಫ್ರೆಂಚರೂ ಬೆಲ್ಜಿಯನ್ನರೂ ರೂರ್ ಪ್ರಾಂತವನ್ನು ಆಕ್ರಮಿಸಿದರು. ನಾಣ್ಯವು ಕುಸಿದು, ನವೆಂಬರಿನಲ್ಲಿ ಒಂದು ಡಾಲರಿಗೆ 4 ಲಕ್ಷ 20 ಸಾವಿರ ಕೋಟಿ ಮಾರ್ಕುಗಳಾದವು. ಎಡದಿಂದಲೂ ಬಲದಿಂದಲೂ ದಂಗೆಗಳೆದ್ದವು. ಮ್ಯೂನಿಕ್ಕಿನಲ್ಲಿ ಹಿಟ್ಲರನು ತಲೆಯೆತ್ತಿದನು. ಸಂವಿಧಾನದ 48ನೆಯ ವಿಧಿಯು ವಿಷಮಕಾಲದಲ್ಲಿ ಅಧ್ಯಕ್ಷನಿಗೆ ಮೂಲಭೂತ ಹಕ್ಕುಗಳನ್ನು ತಡೆಹಿಡಿದು ಆಜ್ಞೆಗಳಿಂದ ಆಳುವ ಅಧಿಕಾರವನ್ನು ಕೊಟ್ಟಿತ್ತು. ಎಬರ್ಟ್‌ನು ತನ್ನ ಅವಧಿಯಲ್ಲಿ ಅದನ್ನು ನೂರಕ್ಕೂ ಹೆಚ್ಚು ಸಲ ಪ್ರಯೋಗಿಸಿದನು. ಪ್ರಜಾಧಿಪತ್ಯವನ್ನು ಉಳಿಸುವುದಕ್ಕಾಗಿಯೇ ಪ್ರಯೋಗಿಸಿದನೆಂಬುದು ದಿಟ. ಸೈನ್ಯದ ಮುಖ್ಯನಿಗೆ ಅವನು ಕೊಟ್ಟ ವಿಶೇಷಾಧಿಕಾರವು 1924ರಲ್ಲಿ ಮರಳಿ ಬಂದಿತು; ಹೊಸ ನಾಣ್ಯವು ನಿಂತಿತು. ಆದರೆ ಶಾಸನಸಭೆಯನ್ನು ಬದಿಗಿಟ್ಟು ಆಳುವುದು ರೂಢಿಯಾಯಿತು. ಒಳ್ಳೆಯವನು ಒಳ್ಳೆಯದಕ್ಕಾಗಿ ತೆರೆದಿಟ್ಟ ಬಾಗಿಲು ಕೆಟ್ಟವನಿಗೂ ತೆರೆದೇ ಇರುತ್ತದೆ.

ಈ ನಡುವೆ ಬೈಗುಳಗಳಿಗೆ ಕೊನೆಯಿರಲಿಲ್ಲ. ತನ್ನ ಪದವಿಯ ಮಾನವನ್ನು ಕಾಪಾಡಲು ಎಬರ್ಟ್‌ನು 173 ಫಿರ್ಯಾದುಗಳನ್ನು ಹೂಡಬೇಕಾಯಿತೆಂದು ಲೆಕ್ಕವಿದೆ. ಕಡೆಯ ಮೊಕದ್ದಮೆಯು ಮ್ಯಾಗ್ಡೆಬರ್ಗಿನಲ್ಲಿ ನಡೆಯಿತು. ಒಂದು ಪತ್ರಿಕೆಯ ಸಂಪಾದಕನು 1918ರ ಮುಷ್ಕರವನ್ನು ಎತ್ತಿ ಎಬರ್ಟ್‌ನನ್ನು ದೇಶದ್ರೋಹಿಯೆಂದು ಬರೆದಿದ್ದನು. 1924ರ ಡಿಸೆಂಬರ್ 23ರಂದು ನ್ಯಾಯಾಧೀಶರು ಅವಮಾನ ಮಾಡಿದ್ದಕ್ಕಾಗಿ ಸಂಪಾದಕನಿಗೆ ಮೂರು ತಿಂಗಳ ಸೆರೆವಾಸವನ್ನು ವಿಧಿಸಿದರು. ಆದರೆ ಕಾನೂನಿನ ಅರ್ಥದಲ್ಲಿ ಎಬರ್ಟ್‌ನು ದೇಶದ್ರೋಹವನ್ನು ಮಾಡಿದ್ದನೆಂದೂ ತೀರ್ಪಿನಲ್ಲಿ ಬರೆದರು. ಅದಕ್ಕೆ ಮೂರು ದಿನ ಮುಂಚೆ, ಪ್ರಜಾಧಿಪತ್ಯವನ್ನು ಉರುಳಿಸಲು ಬಂದೂಕು ಹಿಡಿದಿದ್ದ ಹಿಟ್ಲರನು ಐದು ವರ್ಷದ ಶಿಕ್ಷೆಯಲ್ಲಿ ಒಂದು ವರ್ಷವನ್ನೂ ಪೂರೈಸದೆ ಬಿಡುಗಡೆಯಾಗಿದ್ದನು. ಇಬ್ಬರು ಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡವನು ದ್ರೋಹಿ, ದಂಗೆಯೆದ್ದವನು ಸ್ವತಂತ್ರ. ಒಂದೇ ವಾರದಲ್ಲಿ ಒಂದು ದೇಶದ ನ್ಯಾಯವು ಹೀಗೆ ನಡೆಯಿತು.

ಈ ತೀರ್ಪು ಎಬರ್ಟ್‌ನನ್ನು ಒಳಗಿನಿಂದ ಮುರಿಯಿತು. ಮೇಲ್ಮನವಿಯ ಸಿದ್ಧತೆಯಲ್ಲಿ ಮುಳುಗಿ, ಹೊಟ್ಟೆಯ ನೋವನ್ನು ಲೆಕ್ಕಿಸದೆ ಚಿಕಿತ್ಸೆಯನ್ನು ಮುಂದೂಡಿದನು. ಕರುಳಿನ ಉರಿಯೂತವು ಮಿತಿಮೀರಿದ ಮೇಲೆ ಶಸ್ತ್ರಚಿಕಿತ್ಸೆಯಾಯಿತಾದರೂ ಫಲಿಸಲಿಲ್ಲ. 1925ರ ಫೆಬ್ರವರಿ 28ರಂದು, ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಅವಧಿ ಮುಗಿಯಲು ನಾಲ್ಕು ತಿಂಗಳಿರುವಾಗ ಆತನು ತೀರಿಕೊಂಡನು. ದೇಹವನ್ನು ರೈಲಿನಲ್ಲಿ ಹೈಡೆಲ್‌ಬರ್ಗಿಗೆ ತಂದು, ಮಾರ್ಚ್ 5ರಂದು ಊರಿನ ಗುಡ್ಡದ ಸ್ಮಶಾನದಲ್ಲಿ ಮಣ್ಣುಮಾಡಿದರು. ಬಡವರ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಅವನ ಹೆಸರಿನಲ್ಲಿ ಅದೇ ವರ್ಷ ಒಂದು ನಿಧಿಯು ಸ್ಥಾಪಿತವಾಯಿತು. ನಾತ್ಸಿಗಳು ಅದನ್ನು 1933ರಲ್ಲಿ ಮುಚ್ಚಿದರು. ಎರಡನೆಯ ಮಹಾಯುದ್ಧದ ತರುವಾಯ ಅದು ಮತ್ತೆ ತೆರೆಯಿತು, ಇಂದಿಗೂ ನಡೆಯುತ್ತಿದೆ. ಆತನು ಹುಟ್ಟಿದ ಮನೆಯು 1989ರಿಂದ ಸ್ಮಾರಕವಾಗಿದೆ.

ಎಬರ್ಟ್‌ನ ಪೀಠಕ್ಕೆ ಎಪ್ಪತ್ತೇಳು ವರ್ಷದ ಸೇನಾಪತಿ ಹಿಂಡೆನ್‌ಬರ್ಗ್‌ನನ್ನು ಜನರು ಆರಿಸಿದರು. ಪದಕಗಳಿದ್ದವು, ಮೀಸೆಯಿತ್ತು, ಮನೆತನವಿತ್ತು, ಯಾರೂ ನಗಲಿಲ್ಲ. ಆ ಸೇನಾಪತಿಯೇ 1933ರ ಜನವರಿ 30ರಂದು ಹಿಟ್ಲರನನ್ನು ಚಾನ್ಸೆಲರನನ್ನಾಗಿ ನೇಮಿಸಿದನು. ಫೆಬ್ರವರಿ 28ರಂದು, ಎಬರ್ಟ್‌ನು ಸತ್ತು ಸರಿಯಾಗಿ ಎಂಟು ವರ್ಷಗಳಾದ ದಿನ, ಅದೇ 48ನೆಯ ವಿಧಿಯ ಆಧಾರದ ಮೇಲೆ ಜರ್ಮನರ ಹಕ್ಕುಗಳನ್ನೆಲ್ಲ ತಡೆಹಿಡಿಯುವ ಆಜ್ಞೆಗೆ ರುಜು ಹಾಕಿದನು. ಆ ಆಜ್ಞೆಯು ನಾತ್ಸಿ ಆಳ್ವಿಕೆ ಅಳಿಯುವವರೆಗೂ ಹಿಂದಕ್ಕೆ ಬರಲಿಲ್ಲ. 1920ರಲ್ಲಿ ರುಜು ಹಾಕಲು ಒಪ್ಪದಿದ್ದ ಅಧಿಕಾರಿವರ್ಗವು ಈ ಸಲ ಒಪ್ಪಿತು. ಎಬರ್ಟ್‌ನ ಹಿರಿಯ ಮಗನು ಸೆರೆಶಿಬಿರಗಳಲ್ಲಿ ದಿನ ಕಳೆದನು.

ಈ ಚರಿತ್ರೆಯು ನಮಗೆ ದೂರದ್ದಲ್ಲ. ನಮ್ಮ ಸಂವಿಧಾನಸಭೆಯಲ್ಲಿ 1949ರ ಆಗಸ್ಟಿನಲ್ಲಿ ತುರ್ತುಪರಿಸ್ಥಿತಿಯ ವಿಧಿಗಳು ಚರ್ಚೆಗೆ ಬಂದಾಗ, ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರು ವೈಮಾರ್ ಸಂವಿಧಾನವನ್ನೇ ನೆನಪಿಸಿ, ಇಂಥ ವಿಧಿಯನ್ನು ಹಿಡಿದೇ ಹಿಟ್ಲರನು ಪ್ರಜಾಸತ್ತೆಯನ್ನು ನುಂಗಿದನೆಂದು ಎಚ್ಚರಿಸಿದರು. ಅವರ ಮಾತು ಆಗ ಗೆಲ್ಲಲಿಲ್ಲ. 1975ರ ಜೂನಿನಿಂದ 1977ರ ಮಾರ್ಚಿನವರೆಗೆ ನಮ್ಮ ದೇಶವು ಆ ಎಚ್ಚರಿಕೆಯ ಅರ್ಥವನ್ನು ಅನುಭವದಿಂದ ಕಲಿಯಿತು. 1978ರ ನಲವತ್ತನಾಲ್ಕನೆಯ ತಿದ್ದುಪಡಿಯಿಂದ, ತುರ್ತುಪರಿಸ್ಥಿತಿಯಲ್ಲಿಯೂ ಪ್ರಾಣದ ಹಕ್ಕನ್ನು ತಡೆಹಿಡಿಯಕೂಡದೆಂದು ಕಟ್ಟುಮಾಡಿತು. ಒಳ್ಳೆಯದೇ ಆಯಿತು. ಆದರೆ ವಿಧಿಗಳನ್ನು ಎಷ್ಟು ಬಿಗಿದರೂ ಅವುಗಳನ್ನು ನಡೆಯಿಸುವವರು ಮನುಷ್ಯರೇ.

ಎಬರ್ಟ್‌ನು ಮಹಾಪುರುಷನೆಂದು ನಾವು ಹೇಳುವುದಿಲ್ಲ. ಹಳೆಯ ಅಧಿಕಾರಿಗಳನ್ನು ಅತಿಯಾಗಿ ನಂಬಿದನು. ತನ್ನವರನ್ನು ಅತಿಯಾಗಿ ಶಂಕಿಸಿದನು. ಅದರ ಬೆಲೆಯನ್ನು ಬಹಳ ಜನರು ತೆತ್ತರು, ಕಡೆಗೆ ಅವನೂ ತೆತ್ತನು. ಆದರೆ ಅಧಿಕಾರವು ಬೀದಿಯಲ್ಲಿ ಬಿದ್ದಿದ್ದಾಗ ಅದನ್ನೆತ್ತಿ ತನ್ನಲ್ಲಿ ಇಟ್ಟುಕೊಳ್ಳದೆ ಚುನಾಯಿತ ಸಭೆಗೆ ಒಪ್ಪಿಸಿದನು. ಆ ಸಭೆಯು ಕೊಟ್ಟ ರಾಜ್ಯಕ್ಕೆ ನಿಷ್ಠೆಯಿಂದ ದುಡಿಯಬೇಕಾಗಿದ್ದವರಲ್ಲಿ ಅನೇಕರು ಸಂಬಳವನ್ನು ತೆಗೆದುಕೊಂಡು, ಮನಸ್ಸನ್ನು ಮಾತ್ರ ಓಡಿಹೋದ ಕೈಸರನಲ್ಲಿಟ್ಟರು. ಪ್ರಜಾಧಿಪತ್ಯದಲ್ಲಿ ಪೀಠದ ಮೇಲೆ ಯಾರು ಕುಳಿತಿದ್ದಾರೆ, ಅವರ ತಂದೆಯ ಕಸುಬೇನು, ಇಂಗ್ಲಿಷು ಎಷ್ಟು ಬರುತ್ತದೆ ಎಂಬುದನ್ನು ನೋಡಿ ಗೌರವವನ್ನು ಅಳೆಯುವ ಅಧಿಕಾರಿಗಳು ನಮ್ಮ ಕಚೇರಿಗಳಲ್ಲಿಯೂ ಇಲ್ಲದಿಲ್ಲ. ನಗರಸಭೆಗೆ ಆರಿಸಿಬಂದ ಚಮ್ಮಾರನ ಅಥವಾ ಕ್ಷೌರಿಕನ ಮಗನು ಒಳಗೆ ಬಂದಾಗ ಎದ್ದು ನಿಲ್ಲಲು ಸಂಕೋಚಪಡುವವರೂ, ಅವನ ಹಿಂದೆ ನಗುವವರೂ ನಮ್ಮ ಊರುಗಳಲ್ಲಿ ಇದ್ದಾರೆ. ಆ ಸಂಕೋಚಕ್ಕೂ ನಗುವಿಗೂ ಜರ್ಮನಿಯು ಎಂಥ ಬೆಲೆಯನ್ನು ಕೊಟ್ಟಿತೆಂಬುದನ್ನು ಅವರು ತಿಳಿಯಬೇಕು. ಗೌರವ ಸಲ್ಲಬೇಕಾದ್ದು ಪೀಠದ ಮೇಲಿರುವವನನ್ನು ಅಲ್ಲಿಗೆ ಕಳುಹಿಸಿದ ಜನರಿಗೆ.